ನಾನು ಅಪ್ಪನ ಮೂಗಾಗಿದ್ದ ವರ್ಷ

ನಮ್ಮ ಮನೆಯಲ್ಲಿ ಯಾರೂ ಹೊಗೆ ಸೇದುತ್ತಿರಲಿಲ್ಲ. ಆದರೂ ಮುಂಬಯಿ ಪಕ್ಕದ ಠಾಣೆಯ ವರ್ತಕ ನಗರದ ಆ ಎರಡು ಕೋಣೆಯ ಮನೆಗೆ ಹೊಸಬರು ಯಾರೇ ಬರಲಿ, ಚಪ್ಪಲಿ ಬಿಡುವ ಮೊದಲೇ ಮೂಗೆತ್ತಿ ಸುತ್ತ ನೋಡುತ್ತಿದ್ದರು. ಕೆಲವರು ಬಾಯಿಬಿಟ್ಟು ಕೇಳಿಯೂ ಬಿಡುತ್ತಿದ್ದರು. ಆಗ ಅಮ್ಮನ ಮುಖ ನೋಡಬೇಕಿತ್ತು. ದಿನಕ್ಕೆರಡು ಸಲ ನೆಲ ಒರೆಸುವವಳು ಅವಳು, ದೇವರ ಮುಂದೆ ಊದುಬತ್ತಿ ಹಚ್ಚದೆ ಒಲೆ ಹಚ್ಚದವಳು. ಏನು ಮಾಡಿದರೂ ಹೊಗೆಸೊಪ್ಪಿನ ಆ ವಾಸನೆ ಹೋಗುತ್ತಿರಲಿಲ್ಲ. ಹಾಸಿಗೆಯಲ್ಲಿತ್ತು, ನನ್ನ ಶಾಲೆಯ ಚೀಲದಲ್ಲಿತ್ತು, ನನ್ನ ಜಡೆಯಲ್ಲಿತ್ತು. ಜಲಜಾ ಎಂಬ ಚೆಂದದ ಹೆಸರು ಇದ್ದ ನನ್ನನ್ನು ತರಗತಿಯ ಹುಡುಗಿಯರು 'ತಂಬಾಕು' ಎಂದು ಕರೆಯುತ್ತಿದ್ದರು. ನಾನು ಅವರ ಜಡೆ ಹಿಡಿದು ಎಳೆದದ್ದೂ ಉಂಟು, ಶೌಚಾಲಯದಲ್ಲಿ ಕೂತು ಅತ್ತದ್ದೂ ಉಂಟು. ಮನೆಯಲ್ಲಿ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಹೇಳಿದರೆ ಅಮ್ಮ ಅದನ್ನೇ ಹಿಡಿದುಕೊಂಡು ಅಪ್ಪನ ಮೇಲೆ ಬೀಳುತ್ತಾಳೆಂದು ಗೊತ್ತಿತ್ತು. ಯಾವ ಮಾತಿಗೆ ಯಾವ ಜಗಳ ಹುಟ್ಟುತ್ತದೆಂಬುದು ಎರಡು ಕೋಣೆಯ ಮನೆಯ ಮಕ್ಕಳಿಗೆ ಬೇಗ ತಿಳಿಯುತ್ತದೆ.

ವಾಸನೆಯ ಮೂಲ ಒಳಕೋಣೆಯ ಕಿಟಕಿಯ ಕೆಳಗಿತ್ತು. ಒಂದು ಬದಿಗೆ ಒಲೆ, ಡಬ್ಬಗಳು. ಇನ್ನೊಂದು ಮೂಲೆಯಲ್ಲಿ ಮೊಣಕಾಲೆತ್ತರದ ಗೋಡೆ ಕಟ್ಟಿದ ಮೋರಿ, ಸ್ನಾನ ಪಾತ್ರೆ ಬಟ್ಟೆ ಎಲ್ಲ ಅಲ್ಲೇ. ಅವೆರಡರಿಂದಲೂ ದೂರ, ಕಿಟಕಿಯ ಕೆಳಗೆ ಮಣೆಯ ಮೇಲೆ, ಒದ್ದೆ ಗೋಣಿ ಹೊದ್ದ ಒಂದು ಅಗಲ ಬುಟ್ಟಿ. ಅದರೊಳಗೆ ಅಪ್ಪನ ಎಲೆಗಳು. ನಮ್ಮ ಮನೆಯಿಂದ ಕಾಲುಗಂಟೆ ನಡೆದರೆ ಸಿಗುವ ಕೈಗಾರಿಕಾ ವಸಾಹತಿನಲ್ಲಿ, ತಗಡಿನ ಮಾಡಿನ ಒಂದು ಗಾಳೆಯಲ್ಲಿ, ಅಂದರೆ ಸಣ್ಣ ಕಾರ್ಖಾನೆಯಲ್ಲಿ, ಮೂವತ್ತು ಜನ ಕೂತು ಕೈಯಿಂದ ಸಿಗಾರು ಸುತ್ತುತ್ತಿದ್ದರು. ಅಪ್ಪ ಸುತ್ತುವವರಲ್ಲ. ಸಿಗಾರಿನ ಮೈಗೆ ಕಡೆಯದಾಗಿ ಹೊದಿಸುವ ಮೇಲಿನ ಎಲೆಯನ್ನು ಆರಿಸುವವರು. ಆ ಎಲೆ ಒಣಗಿದರೆ ಪುಡಿಯಾಗುತ್ತದೆ, ಹೆಚ್ಚು ನೆನೆದರೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಗಾಳೆ ಸೋರುತ್ತಿದ್ದುದರಿಂದ ಮರುದಿನಕ್ಕೆ ಬೇಕಾದ ಎಲೆಯನ್ನು ಮನೆಗೆ ಒಯ್ಯಲು ಗಾಳೆಯ ಯಜಮಾನ ಸೇಠ್ ಒಪ್ಪಿದ್ದರು. ಆಮೇಲೆ ಮಳೆ ನಿಂತರೂ ಆ ಪದ್ಧತಿ ನಿಲ್ಲಲಿಲ್ಲ. ಹಬ್ಬವಿರಲಿ ಅಮಾವಾಸ್ಯೆ ಇರಲಿ, ಬುಟ್ಟಿ ಕಿಟಕಿಯ ಕೆಳಗೆ ಬಂದು ಕೂತೇ ಕೂರುತ್ತಿತ್ತು.

ಅಪ್ಪನಿಗೆ ಆ ಕೆಲಸದ ಬಗ್ಗೆ ಎಷ್ಟು ಹೆಮ್ಮೆ ಎಂದರೆ, ಅವರು ಅದನ್ನು ಕೆಲಸ ಎಂದೇ ಅನ್ನುತ್ತಿರಲಿಲ್ಲ, 'ಪರೀಕ್ಷೆ' ಅನ್ನುತ್ತಿದ್ದರು. ಹದಿನಾರರಲ್ಲಿ ಉಡುಪಿ ಕಡೆಯಿಂದ ಬಂದು ಡೊಂಬಿವಲಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ತಟ್ಟೆ ಎತ್ತಿದವರು ಅವರು. ಹೋಟೆಲು ಅಮ್ಮನ ಅಣ್ಣನದು, ಅಂದರೆ ನನ್ನ ಸೋದರಮಾವನದು. ಅಲ್ಲೇ ದುಡಿದು, ಅಲ್ಲೇ ಯಜಮಾನನ ತಂಗಿಯನ್ನು ಮದುವೆಯಾಗಿ, ಆಮೇಲೊಂದು ದಿನ ಗಿರಾಕಿಗಳೆದುರು ಮಾವ "ಭಾವ ಆದ್ರೆ ಎಂತಾಯ್ತು, ಆ ಮೇಜು ಒರೆಸು" ಎಂದದ್ದಕ್ಕೆ ಒರೆಸುವ ಬಟ್ಟೆಯನ್ನು ದುಡ್ಡಿನ ಗಲ್ಲೆಯ ಮೇಲಿಟ್ಟು ಹೊರಗೆ ಬಂದಿದ್ದರು. ಇನ್ನು ಆ ಮೆಟ್ಟಿಲು ಹತ್ತುವುದಿಲ್ಲವೆಂದು ದೇವರ ಫೋಟೋ ಮುಟ್ಟಿ ಹೇಳಿದ್ದರಂತೆ. ಗಾಳೆಯಲ್ಲಿ ಗುಡಿಸುವ ಕೆಲಸಕ್ಕೆ ಸೇರಿದವರ ಮೂಗು ಎಂಥದೆಂದು ಸೇಠ್ ಒಂದೇ ವರ್ಷದಲ್ಲಿ ಕಂಡುಕೊಂಡರು. ಅಪ್ಪನ ಇಡೀ ಮರ್ಯಾದೆ ಆ ಮೂಗಿನ ಮೇಲೆ ನಿಂತಿತ್ತು. ಮೂಗು ಇದ್ದರೆ ಗಾಳೆಯಲ್ಲಿ 'ವಾಸೂ ಭಾಯ್', ಇಲ್ಲದಿದ್ದರೆ ಮಾವನ ಹೋಟೆಲಿನ ಮೇಜು. ಇದು ನನಗೆ ಆ ವಯಸ್ಸಿನಲ್ಲೇ ಬಾಯಿಪಾಠವಾಗಿತ್ತು.

ಎಲೆ ಸಿಗಾರಿಗೆ ಏನು ಮಾಡುತ್ತದೆ ಎಂಬುದನ್ನು ಅಪ್ಪ ನನಗೆ ಊಟದ ಹೊತ್ತಿನಲ್ಲಿ ಹೇಳಿಕೊಟ್ಟರು. (ನಾವು ಮನೆಯಲ್ಲಿ ಆಡುತ್ತಿದ್ದದ್ದು ತುಳು. ಇಲ್ಲಿರುವ ಮಾತನ್ನೆಲ್ಲ ನಾನು ಕನ್ನಡ ಮಾಡಿಕೊಂಡಿದ್ದೇನೆ.)

"ಕಡುಬು ನೋಡು ಮಗಾ. ಒಳಗೆ ಎಂತ ಉಂಟು? ಅದೇ ಅಕ್ಕಿ, ಅದೇ ಕಾಯಿ, ಅದೇ ಬೆಲ್ಲ. ಬಾಳೆ ಎಲೆಯಲ್ಲಿ ಬೇಯಿಸಿದ್ರೆ ಒಂದು ರುಚಿ. ಹಲಸಿನ ಎಲೆಯಲ್ಲಿ ಇನ್ನೊಂದು. ಅರಸಿನ ಎಲೆಯಲ್ಲಿ ಬೇಯಿಸಿದ್ರೆ ಪಕ್ಕದ ಬಿಲ್ಡಿಂಗಿನವ್ರಿಗೂ ಗೊತ್ತಾಗ್ತದೆ. ಹೌದಾ ಅಲ್ವಾ? ಸಿಗಾರೂ ಹಾಗೇ. ಒಳಗಿನ ಸೊಪ್ಪು ಯಾರು ಬೇಕಾದ್ರೂ ತುಂಬಿಸ್ತಾರೆ. ತುಟಿಗೆ ಮೊದಲು ತಾಗುವುದು ಮೇಲಿನ ಎಲೆ. ರುಚಿಯಲ್ಲಿ ಅರ್ಧಕ್ಕರ್ಧ ಅದರದ್ದೇ."

"ಊಟದ ಎದುರು ಆ ಹೊಲಸಿನ ಸುದ್ದಿ ಬೇಡ," ಎಂದು ಅಮ್ಮ ಸೌಟು ಕುಟ್ಟುತ್ತಿದ್ದಳು.

ಅಮ್ಮನಿಗೆ ಎಲೆಯ ವಿಷಯ ಗೊತ್ತಿಲ್ಲದೆ ಹಾಗೆ ಅನ್ನುತ್ತಿದ್ದುದಲ್ಲ. ಅವಳ ಅಣ್ಣ ಮುಂಬಯಿಗೆ ಓಡಿಬಂದು ಮನುಷ್ಯನಾಗುವವರೆಗೆ ಊರಿನಲ್ಲಿ ಆ ಮನೆ ನಡೆದದ್ದು ಹೆಣ್ಣುಮಕ್ಕಳು ಕಟ್ಟಿದ ಬೀಡಿಯಿಂದ. ಆರನೆಯ ವಯಸ್ಸಿನಿಂದ ಮದುವೆಯ ಹಿಂದಿನ ವಾರದವರೆಗೆ ಅವಳು ಬೀಡಿ ಕಟ್ಟಿದವಳು. ಮೂರನೆಯ ಕ್ಲಾಸಿಗೆ ಶಾಲೆ ನಿಂತಿತ್ತು. ಅವಳ ಬಲಗೈ ಹೆಬ್ಬೆರಳಿನ ಉಗುರು ಇಂದಿಗೂ ನೆಟ್ಟಗಾಗಿಲ್ಲ. ಎಲೆ ಯಾವ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆಂದು ನನಗೆ ಕಲಿಸಿದ್ದೂ ಅವಳೇ. ಒಮ್ಮೆ ನಾನು ಬುಟ್ಟಿಯ ಪಕ್ಕ ಸಾಬೂನಿನ ಪೆಟ್ಟಿಗೆ ಇಟ್ಟದ್ದಕ್ಕೆ ಬೆನ್ನಿಗೆ ಗುದ್ದಿದ್ದಳು. "ಒದ್ದೆ ಎಲೆಯ ಹತ್ರ ಸಾಬೂನು ಇಡ್ತಾರಾ? ಬುದ್ಧಿ ಎಲ್ಲಿ ಅಡ ಇಟ್ಟಿದ್ದಿ? ನಾಳೆ ಸಾಬೂನು ಸೇದಿದ ಹಾಗೆ ಆಗ್ತದೆ!" ತಲೆಗೆ ಹಾಕುವ ತೆಂಗಿನೆಣ್ಣೆಯ ಬಾಟಲಿಯನ್ನೂ ಅವಳು ಆ ಬದಿಗೆ ಬಿಡುತ್ತಿರಲಿಲ್ಲ. ಎಲೆಯನ್ನು ಅಷ್ಟು ದ್ವೇಷಿಸುವವಳು ಅಷ್ಟೇ ಜೋಪಾನವನ್ನೂ ಮಾಡುತ್ತಿದ್ದಳು. ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು, ನಾನಂತೂ ಮರೆತುಬಿಟ್ಟಿದ್ದೆ.

ನನಗೆ ಹತ್ತು ವರ್ಷವಾದಾಗಿನ ಮಳೆಗಾಲದಲ್ಲಿ ಅಪ್ಪನಿಗೆ ಜ್ವರ ಬಂತು. ಹದಿನೆಂಟು ದಿನ ಮಲಗಿದರು. ಎದ್ದಾಗ ಮೈ ಇಳಿದಿತ್ತು, ಗಡ್ಡ ಬಂದಿತ್ತು, ಉಳಿದದ್ದೆಲ್ಲ ಸರಿಯಿದ್ದಂತೆ ಕಂಡಿತು. ಒಂದು ಸಂಜೆ ಅಮ್ಮ ಹಾಲು ಒಲೆಯ ಮೇಲಿಟ್ಟು ನಲ್ಲಿಯ ಸಾಲಿಗೆ ಹೋದಳು. ನಾನು ಹೊರಗೆ ಜಗಲಿಯಲ್ಲಿ ಕುಂಟಬಿಲ್ಲೆ ಆಡುತ್ತಿದ್ದೆ. ಹಾಲು ಉಕ್ಕಿ, ಸೀದು, ಪಾತ್ರೆ ಕರಟುವ ವಾಸನೆ ನನಗೆ ಅಲ್ಲಿಗೆ ಬಂತು. ಓಡಿ ಒಳಗೆ ಹೋದರೆ ಅಪ್ಪ ಒಲೆಯಿಂದ ಎರಡು ಮಾರು ದೂರದಲ್ಲಿ ಬೆನ್ನು ಹಾಕಿ ಕೂತು ಬುಟ್ಟಿಯಿಂದ ಒಂದೊಂದೇ ಎಲೆ ಎತ್ತಿ ಮೂಗಿಗೆ ಹಿಡಿಯುತ್ತಿದ್ದರು. ಒಂದನ್ನು ಎತ್ತುವುದು, ಎಳೆದು ಮೂಸುವುದು, ಕೆಳಗಿಡುವುದು. ಮತ್ತೆ ಅದನ್ನೇ ಎತ್ತುವುದು. ಕೋಣೆಯೆಲ್ಲ ಹೊಗೆ. "ಅಪ್ಪ, ಹಾಲು!" ಎಂದೆ. ಅವರು ತಿರುಗಿ ಹಾಲನ್ನು ನೋಡಿದರು, ನನ್ನನ್ನು ನೋಡಿದರು. ನಾನು ಅಪ್ಪನ ಮುಖದಲ್ಲಿ ಹೆದರಿಕೆ ಕಂಡದ್ದು ಅದೇ ಮೊದಲು.

ಪಾತ್ರೆ ಇಳಿಸಿ ಅವರು ನನ್ನನ್ನು ಹತ್ತಿರ ಕೂರಿಸಿಕೊಂಡರು. ಕೈಗೆ ಒಂದು ಎಲೆ ಕೊಟ್ಟರು.

"ಇದು ಎಂತ ವಾಸನೆ ಹೇಳು ನೋಡುವ."

"ಒಣಹುಲ್ಲು," ಎಂದೆ.

"ಇದು?"

"ಬೆಲ್ಲದ ಪಾಕ. ಮತ್ತೆ ಹುರಿದ ಕೊತ್ತಂಬರಿ."

"ಇದು?"

"ಥೂ, ಉಚ್ಚೆ!"

ಅಪ್ಪ ನಕ್ಕುಬಿಟ್ಟರು, ಕಣ್ಣಲ್ಲಿ ನೀರಿತ್ತು. ಸರಿಯಾಗಿ ಹದವಾಗದ ಎಲೆ ಹಾಗೇ ನಾರುತ್ತದಂತೆ. ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೂಗು ಅವರದ್ದೇ ನನಗೆ ಬಂದಿತ್ತು. ಅಂದಿನಿಂದ ನಮ್ಮಿಬ್ಬರ ಪದ್ಧತಿ ಶುರುವಾಯಿತು. ಬೆಳಗ್ಗೆ ಶಾಲೆಗೆ ಹೊರಡುವ ಮೊದಲು ನಾನು ಬುಟ್ಟಿಯ ಮುಂದೆ ಕೂರುತ್ತಿದ್ದೆ. ಬಣ್ಣ, ದಪ್ಪ, ನರಗಳನ್ನು ಅಪ್ಪನ ಕಣ್ಣು, ಬೆರಳು ನೋಡಿಕೊಳ್ಳುತ್ತಿದ್ದವು. ವಾಸನೆ ನನ್ನ ಪಾಲು. ಒಣಹುಲ್ಲಿನ ವಾಸನೆಯ ತೆಳು ಎಲೆಯ ಕಟ್ಟಿಗೆ ಹೂ ಕಟ್ಟುವ ನೂಲಿನಿಂದ ಒಂದು ಗಂಟು, ಅದು ಸೌಮ್ಯ ಸಿಗಾರಿಗೆ. ಬೆಲ್ಲ–ಕೊತ್ತಂಬರಿಯದಕ್ಕೆ ಎರಡು ಗಂಟು. ಕಾಫಿಬೀಜದ ಬಣ್ಣದ ದಪ್ಪ ಎಲೆ, ಸುಟ್ಟ ಸಕ್ಕರೆಯ ವಾಸನೆಯದು, ಮೂರು ಗಂಟು. ಕಡೆಗೆ "ಸರಿ ಉಂಟಾ?" ಎಂದು ಅಪ್ಪ ಕೇಳುವುದು, "ಸರಿ ಉಂಟು ಅಪ್ಪ" ಎಂದು ನಾನು ಹೇಳುವುದು. ಗಾಳೆಯಲ್ಲಿ ಅವರು ಎಲ್ಲರೆದುರು ಎಲೆಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಬೆರಳಿನಲ್ಲಿ ಗಂಟು ಎಣಿಸಿ ಹೇಳುತ್ತಿದ್ದರು. ಒಂದು ವರ್ಷ ಯಾರಿಗೂ ಗೊತ್ತಾಗಲಿಲ್ಲ.

ಆ ವರ್ಷ ನಾನು ಮೆರೆದೆ, ಸುಳ್ಳು ಯಾಕೆ ಹೇಳಲಿ. ನನ್ನಿಂದ ಅಪ್ಪನ ಕೆಲಸ ನಡೆಯುತ್ತದೆಂಬ ಸೊಕ್ಕು ನನಗಿತ್ತು. ಶಾಲೆಯಲ್ಲಿ 'ತಂಬಾಕು' ಎಂದರೆ ಈಗ ಒಳಗೊಳಗೇ ನಗು ಬರುತ್ತಿತ್ತು. ಆದರೆ ತಲೆನೋವೂ ಶುರುವಾಯಿತು. ಬೆಳಗಿನ ಹೊತ್ತು ಬರಿಹೊಟ್ಟೆಯಲ್ಲಿ ಹೊಗೆಸೊಪ್ಪು ಮೂಸಿ ಶಾಲೆಗೆ ಹೋದರೆ ಕರಿಹಲಗೆ ತೇಲುತ್ತಿತ್ತು. ಗಣಿತದಲ್ಲಿ ಹಿಂದೆ ಬಿದ್ದೆ. ಟೀಚರ್ ಕರೆಸಿ ಹೇಳಿದ್ದಕ್ಕೆ ಅಮ್ಮ ಅಪ್ಪನೆದುರು ನಿಂತಳು.

"ಇವತ್ತಿಗೆ ಸಾಕು ಮಾಡಿ. ಅವಳು ಮಗು. ನನ್ನ ಬಾಲ್ಯ ಆ ಎಲೆಯಲ್ಲೇ ಸುತ್ತಿ ಹೋಯ್ತು, ಅವಳದ್ದೂ ಹೋಗ್ಬೇಕಾ?"

"ಮೂಗಿಗೆ ಹಿಡಿಯುವುದು ಮಾತ್ರ. ಬಾಯಿಗೆ ಹಾಕ್ತಾಳಾ? ಇನ್ನೊಂದು ಸ್ವಲ್ಪ ದಿನ. ನನ್ನ ಮೂಗು ಬರ್ತದೆ ಅಂತ ಡಾಕ್ಟ್ರು ಹೇಳಿದ್ದಾರೆ."

"ಡಾಕ್ಟ್ರು ಹೇಳಿ ವರ್ಷ ಆಯ್ತು. ಸೇಠ್ ಹತ್ರ ಸತ್ಯ ಹೇಳಿ. ಬೇರೆ ಕೆಲಸ ಕೊಡ್ತಾರೆ."

"ಕೊಡದಿದ್ರೆ? ನಿನ್ನ ಅಣ್ಣನ ಮೇಜು ಒರೆಸ್ಲಾ?"

ಅಮ್ಮ ಒಲೆಯ ಕಡೆ ತಿರುಗಿದಳು. ಅಣ್ಣನ ಹೆಸರು ಬಂದಾಗ ಅವಳ ಬಾಯಿ ಕಟ್ಟುತ್ತಿತ್ತು, ಅದು ಅಪ್ಪನಿಗೆ ಗೊತ್ತಿತ್ತು.

ಮುಂದಿನ ಮಳೆಗಾಲ ಬಂತು. ಯಾವುದೋ ದೊಡ್ಡ ಹೋಟೆಲಿನ ಆರ್ಡರು ಬಂದು ಗಾಳೆಯಲ್ಲಿ ಗಡಿಬಿಡಿ. ಹೊಸದಾಗಿ ಬಂದ ಎಲೆಯ ಮೇಲೆ ಅಪ್ಪನಿಗೆ ಅನುಮಾನ. ವಾಸನೆಯಿಂದ ಮಾತ್ರ ತಿಳಿಯುವುದಿಲ್ಲ, ತುಟಿಗೆ ತಾಗಿದರೆ ಕಹಿ ಬರುತ್ತದೋ ನೋಡಬೇಕು ಎಂದರು. ನಾಗರಪಂಚಮಿಗೆ ಐದು ದಿನವಿತ್ತು. ಬೆಳಗ್ಗೆ ಎಲೆಯ ತುದಿಯನ್ನು ನನ್ನ ನಾಲಿಗೆಗೆ ಮುಟ್ಟಿಸಿದರು. ಒಂದು, ಎರಡು, ಮೂರು ಎಲೆ. ನಾಲ್ಕನೆಯದಕ್ಕೆ ನನಗೆ ಬೆವರು ಒಡೆಯಿತು, ಕೈಕಾಲು ತಣ್ಣಗಾಯಿತು. ಮೋರಿಯವರೆಗೂ ಹೋಗಲಾಗದೆ ಅಲ್ಲೇ ವಾಂತಿ ಮಾಡಿಕೊಂಡೆ. ಕಣ್ಣು ಬಿಟ್ಟಾಗ ಅಮ್ಮ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ತಟ್ಟುತ್ತಿದ್ದಳು. ಅವಳು ಕೂಗಾಡುತ್ತಾಳೆಂದು ಕಾದೆ. ಕೂಗಲಿಲ್ಲ. ಅಪ್ಪ "ಎಂತ ಸಾವು ಮಾರಾಯ್ತಿ, ನನಗೆ ಗೊತ್ತಾಗ್ಲಿಲ್ಲ" ಎಂದು ಏನೇನೋ ಹೇಳುತ್ತಿದ್ದರು. ಅಮ್ಮ ಅವರ ಕಡೆ ನೋಡಲೇ ಇಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಊಟದ ತಟ್ಟೆ ಇಡುವಾಗ "ಅಪ್ಪನಿಗೆ ಹೇಳು" ಎಂದು ಅಮ್ಮ, "ಅಮ್ಮನಿಗೆ ಹೇಳು" ಎಂದು ಅಪ್ಪ, ನಡುವೆ ಈ ದೂತ. ಅಂಥ ಮೌನದಲ್ಲಿ ಇರುವುದಕ್ಕಿಂತ ವಾಂತಿಯೇ ವಾಸಿ ಎನಿಸಿತ್ತು ನನಗೆ.

ಪಂಚಮಿಯ ಹಿಂದಿನ ದಿನ ಬೆಳಗ್ಗೆ ಅಪ್ಪ ನನ್ನನ್ನು ಬುಟ್ಟಿಯ ಮುಂದೆ ಕರೆದರು. "ಮೂಗು ಮಾತ್ರ ಮಗಾ, ನಾಲಿಗೆ ಬೇಡ," ಎಂದರು, ಬೇಡುವವರ ಹಾಗೆ. ಅಮ್ಮ ಒಲೆಯ ಹತ್ತಿರ ಕಾಯಿ ತುರಿಯುತ್ತಿದ್ದಳು. ಅಪ್ಪ ಗೋಣಿ ಸರಿಸಿ ಮೇಲಿನ ಕಟ್ಟನ್ನು ಕೊಟ್ಟರು. ಮೂಗಿಗೆ ಹಿಡಿದೆ. ಅರಸಿನ ಎಲೆ. ಹೊಗೆಸೊಪ್ಪಿನ ವಾಸನೆಯ ಮೇಲೆ, ಒಳಗೆ, ಎಲ್ಲ ಕಡೆ ಅರಸಿನ ಎಲೆ. ಇನ್ನೊಂದು ಕಟ್ಟು, ಅದೂ ಹಾಗೇ. ಹಬ್ಬದ ಕಡುಬಿಗೆಂದು ಅಮ್ಮ ಹಿಂದಿನ ಸಂಜೆ ಮಾರುಕಟ್ಟೆಯಿಂದ ಎಲೆ ತಂದಿದ್ದಳು. ಬಾಡಬಾರದೆಂದು ಒದ್ದೆ ಗೋಣಿಯ ಅಡಿಯಲ್ಲಿ ಇಟ್ಟಿರಬೇಕು. ಮನೆಯಲ್ಲಿ ಒದ್ದೆ ಗೋಣಿ ಇದ್ದದ್ದು ಅದೊಂದೇ. ಬೆಳಗ್ಗೆ ಎದ್ದು ತೆಗೆದಿದ್ದಾಳೆ, ಆದರೆ ವಾಸನೆ ಕೂತುಬಿಟ್ಟಿದೆ. ಹಬ್ಬದ ಗಡಿಬಿಡಿ. ಈಗ ನಾನು ಬಾಯಿ ಬಿಟ್ಟರೆ ತಪ್ಪು ಅಮ್ಮನ ಮೇಲೆ. ಅಪ್ಪ ಕಿರಿಚುತ್ತಾರೆ, ನಾಲ್ಕು ದಿನದ ಮೌನ ಒಡೆದು ಏನೇನು ಹೊರಗೆ ಬರುತ್ತದೋ, ನಾಳೆ ಹಬ್ಬ. ಇನ್ನೊಂದು ಸಂಗತಿಯನ್ನೂ ಬರೆದುಬಿಡುತ್ತೇನೆ. ಆ ವಾಸನೆ ನನಗೆ ಇಷ್ಟವಾಯಿತು. ವರ್ಷವಿಡೀ ಮೂಸಿದ ಎಲೆಗಳಲ್ಲಿ ನನಗೆ ಇಷ್ಟವಾದದ್ದು ಅದೊಂದೇ ಕಟ್ಟು.

"ಸರಿ ಉಂಟಾ?" ಎಂದರು ಅಪ್ಪ.

"ಸರಿ ಉಂಟು ಅಪ್ಪ. ಎರಡು ಗಂಟು."

ಕಾಯಿ ತುರಿಯುವ ಸದ್ದು ನಿಂತಿತ್ತು. ಆಮೇಲೆ ಮತ್ತೆ ಶುರುವಾಯಿತು. ಅಪ್ಪ ಕಟ್ಟುಗಳಿಗೆಲ್ಲ ಎರಡೆರಡು ಗಂಟು ಹಾಕಿ, ಬುಟ್ಟಿ ಹೆಗಲಿಗೇರಿಸಿ ಹೊರಟರು.

ಮರುದಿನ ಹಬ್ಬಕ್ಕೆಂದು ಅಪ್ಪ ಅರ್ಧ ದಿನಕ್ಕೆ ಮನೆಗೆ ಬಂದಿದ್ದರು. ಸಂಜೆ ಐದರ ಸುಮಾರಿಗೆ ಕಡುಬು ಎರಡನೆಯ ಸಲ ಬೇಯುತ್ತಿದ್ದಾಗ ಸೇಠ್ ನಮ್ಮ ಬಾಗಿಲಲ್ಲಿ ನಿಂತರು. ಅವರು ನಮ್ಮ ಮನೆಗೆ ಅದಕ್ಕೆ ಮುಂಚೆ ಬಂದವರಲ್ಲ. ಬಿಳಿ ಅಂಗಿ, ಒದ್ದೆ ಕೊಡೆ, ಇನ್ನೊಂದು ಕೈಯಲ್ಲಿ ಕರವಸ್ತ್ರದ ಗಂಟು. ಹೊಸ್ತಿಲು ದಾಟಿದವರು ಹಾಗೇ ನಿಂತುಬಿಟ್ಟರು. ಉಳಿದವರ ಹಾಗೆ ಮೂಗೆತ್ತಿದರು, ಆದರೆ ಅವರ ಮುಖದಲ್ಲಿ ಬೇರೆಯೇ ಏನೋ ಇತ್ತು. ಒಲೆಯ ಕಡೆ ನೋಡಿದರು. ಮಂಚದ ಮೇಲೆ ಕೂತು ಕರವಸ್ತ್ರ ಬಿಚ್ಚಿದರು. ಒಂದೇ ಒಂದು ಸಿಗಾರು. ಅಪ್ಪನಿಗೆ ಕೊಟ್ಟು ಮೆಲ್ಲಗೆ ಹೇಳಿದರು.

"ವಾಸೂ, ಜರಾ ಸೂಂಘ್ ಕೆ ಬೋಲ್. ಕೈಸಾ ಹೈ?" ಸ್ವಲ್ಪ ಮೂಸಿ ಹೇಳು, ಹೇಗಿದೆ?

ಅಪ್ಪ ಅದನ್ನು ಮೂಗಿಗೆ ಹಿಡಿದು, ಅಭ್ಯಾಸದಂತೆ ಕಣ್ಣು ಮುಚ್ಚಿದರು. ಸಿಗಾರಿನ ಮೇಲೆ ಗಂಟು ಇರುವುದಿಲ್ಲ. ಕಣ್ಣು ಬಿಟ್ಟು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ನಿನ್ನೆಯ ಎಲೆ ಎರಡು ಗಂಟಿನದು ಎಂದು ನೆನಪಿಸಿಕೊಂಡಿರಬೇಕು.

"ಅಚ್ಛಾ ಹೈ ಸೇಠ್. ಗುಡ್ ಕಾ ಪಾಕ್. ಥೋಡಾ ಧನಿಯಾ," ಎಂದರು. ಬೆಲ್ಲದ ಪಾಕ, ಸ್ವಲ್ಪ ಕೊತ್ತಂಬರಿ.

ಇಡೀ ಮನೆ ಅರಸಿನ ಎಲೆಯಿಂದ ಘಮಘಮಿಸುತ್ತಿತ್ತು. ಅಪ್ಪನ ಕೈಯಲ್ಲಿದ್ದ ಸಿಗಾರಿನಿಂದ ಬರುತ್ತಿದ್ದದ್ದೂ ಅದೇ. ಅಲ್ಲಿದ್ದವರಲ್ಲಿ ಅದು ಗೊತ್ತಿಲ್ಲದವರು ಅಪ್ಪ ಒಬ್ಬರೇ. ಸೇಠ್ ಕರವಸ್ತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

"ಕಬ್ ಸೆ?" ಎಂದರು ಕಡೆಗೆ. ಯಾವಾಗಿನಿಂದ?

"ಪಿಛ್ಲೀ ಬಾರಿಶ್ ಸೆ," ಎಂದರು ಅಪ್ಪ. ಹೋದ ಮಳೆಗಾಲದಿಂದ.

"ಫಿರ್ ಇತ್ನೇ ದಿನ್ ಕೌನ್...?" ಹಾಗಾದರೆ ಇಷ್ಟು ದಿನ ಯಾರು?

ಅಪ್ಪ ನನ್ನ ಹೆಸರು ಹೇಳಲಿಲ್ಲ. ಆದರೆ ಸೇಠ್ ನನ್ನನ್ನೇ ನೋಡಿದರು, ತಲೆಯಿಂದ ಕಾಲಿನವರೆಗೆ, ಹನ್ನೊಂದು ವರ್ಷದ ಒಂದು ಕಡ್ಡಿಯನ್ನು. ಆಗ ಅಮ್ಮ ತಟ್ಟೆಯಲ್ಲಿ ಎರಡು ಕಡುಬು ತಂದು ಅವರ ಮುಂದಿಟ್ಟಳು. ಹಬ್ಬದ ದಿನ ಬಂದವರನ್ನು ಬರಿಗೈಯಲ್ಲಿ ಕಳಿಸಲಾಗದು. ಸೇಠ್ ಎಲೆ ಬಿಚ್ಚಿ ಒಂದನ್ನು ಪೂರ್ತಿ ತಿಂದರು. ಚೆನ್ನಾಗಿದೆ ಭಾಭಿ ಎಂದರು. ಏಳುವಾಗ ಅಪ್ಪನ ಹೆಗಲ ಮೇಲೆ ಕೈಯಿಟ್ಟು, ಬೇಕಿದ್ದರೆ ಪೆಟ್ಟಿಗೆ ತುಂಬುವ ಕಡೆ ಬಾ ಎಂದರು. ಅಪ್ಪ ತಲೆಯಾಡಿಸಿದರು, ಆಗುವುದಿಲ್ಲ ಎಂಬಂತೆ. ನಿನ್ನೆಯವರೆಗೆ ಕಣ್ಣು ಮುಚ್ಚಿ ತೀರ್ಪು ಹೇಳಿದ ಜಾಗದಲ್ಲಿ ಪೆಟ್ಟಿಗೆ ತುಂಬುವುದು ಅವರಿಂದಾಗದ ಕೆಲಸ. ಸಿಗಾರು ಮಂಚದ ಮೇಲೆ ಉಳಿಯಿತು.

ನಾನು ಕಾದೆ. ಅಪ್ಪ ಈಗ ಕೇಳುತ್ತಾರೆ, ರಾತ್ರಿ ಊಟಕ್ಕೆ ಕೂತಾಗ ಕೇಳುತ್ತಾರೆ, ನಾಳೆ ಬೆಳಗ್ಗೆ ಕೇಳುತ್ತಾರೆ: ನಿನಗೆ ಗೊತ್ತಾಗಲಿಲ್ಲವಾ ಮಗಾ? ಉತ್ತರವನ್ನೂ ಸಿದ್ಧ ಮಾಡಿಟ್ಟಿದ್ದೆ, ಶೀತ ಆಗಿತ್ತು ಎಂದು. ಅವರು ಕೇಳಲಿಲ್ಲ. ವಾರ ಕಳೆದ ಮೇಲೆ ಒಂದು ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಡೊಂಬಿವಲಿಯ ರೈಲು ಹತ್ತಿದರು. ಮಾವ ಮೇಜು ಒರೆಸಲು ಹೇಳಲಿಲ್ಲ, ಗಲ್ಲೆಯಲ್ಲಿ ಕೂರಿಸಿದರು. ಅದು ಮಾವನ ದೊಡ್ಡತನವೋ ಅಮ್ಮನ ಕಣ್ಣೀರೋ ನನಗೆ ತಿಳಿಯದು. ಇಪ್ಪತ್ತೆರಡು ವರ್ಷ ಅಪ್ಪ ಅಲ್ಲಿ ಕೂತರು. ಸಾಂಬಾರು ಹಳಸಿದರೆ ಗಿರಾಕಿಗೆ ಮೊದಲು ತಿಳಿಯುತ್ತಿತ್ತು, ಗಲ್ಲೆಯಲ್ಲಿದ್ದವರಿಗೆ ಕಡೆಗೆ. ಮಾಣಿಗಳು ಅದನ್ನಾಡಿ ನಗುತ್ತಿದ್ದರು, ಅಪ್ಪನೂ ಜೊತೆಗೆ ನಗುತ್ತಿದ್ದರು. ನನಗೆ ಆ ನಗು ಕೇಳಲಾಗುತ್ತಿರಲಿಲ್ಲ. ನಾನು ಒಂದು ಮಾತು ಹೇಳಿದ್ದರೆ ಅವರು ಇವತ್ತೂ ವಾಸೂ ಭಾಯ್ ಆಗಿರುತ್ತಿದ್ದರು ಎಂದುಕೊಂಡೇ ನಾನು ಬೆಳೆದೆ.

ಬುಟ್ಟಿ ಹೋಯಿತು. ಮೂರು ತಿಂಗಳಲ್ಲಿ ಮನೆಯ ವಾಸನೆಯೂ ಹೋಯಿತು. ತಲೆನೋವು ನಿಂತು ಗಣಿತ ಸುಧಾರಿಸಿತು, ಆ ವರ್ಷ ತರಗತಿಗೆ ಮೂರನೆಯವಳಾದೆ. ಆದರೆ "ಸರಿ ಉಂಟು" ಎಂಬ ಮಾತು ನನ್ನ ನಾಲಿಗೆಗೆ ಅಂಟಿಕೊಂಡಿತು. ನನ್ನನ್ನು ನೋಡಲು ಬಂದ ಹುಡುಗ ಏಲಕ್ಕಿ ಜಗಿದು ಬಂದಿದ್ದ. ಏಲಕ್ಕಿಯ ಅಡಿಯಲ್ಲಿ ಯಾವ ವಾಸನೆ ಇದೆಯೆಂದು ನನಗೆ ಬಾಗಿಲಲ್ಲೇ ತಿಳಿಯಿತು. ಒಪ್ಪಿಗೆಯಾ ಎಂದು ಕೇಳಿದಾಗ ಸರಿ ಉಂಟು ಎಂದೆ. ಅವನ ಜೊತೆ ಇಪ್ಪತ್ತು ವರ್ಷ ಹೇಗೆ ಕಳೆಯಿತೆಂಬುದು ಇಲ್ಲಿ ಬೇಡ. ಆಫೀಸಿನಲ್ಲಿ, ಸೊಸೆಯ ಮುಂದೆ, ಸೊಸಾಯಟಿಯ ಮೀಟಿಂಗಿನಲ್ಲಿ, ಎಲ್ಲೇ ಏನೇ ಕೊಳೆತರೂ ಮೊದಲು ವಾಸನೆ ಹಿಡಿಯುವವಳು ನಾನು, ಕಡೆಗೂ ಬಾಯಿ ಬಿಡದವಳೂ ನಾನೇ. ಜಗಳ ತಪ್ಪಿಸಿದೆನೆಂದು ಜನ ನನ್ನನ್ನು ಒಳ್ಳೆಯವಳು ಅನ್ನುತ್ತಾರೆ. ಕರ್ಮ!

ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅಮ್ಮ ಈಗ ಕಾಮೋಠೆಯಲ್ಲಿ ನನ್ನ ಜೊತೆಗಿದ್ದಾಳೆ. ಎಂಬತ್ತಾಗಿದೆ, ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಮೂಗು ಮಾತ್ರ ಎರಡು ವರ್ಷದಿಂದ ಸತ್ತಿದೆ, ವಯಸ್ಸಿನ ಕಾರಣ ಎನ್ನುತ್ತಾರೆ ಡಾಕ್ಟರು. ಈ ಸಲದ ಪಂಚಮಿಗೆ ನನ್ನ ಮಗ ಘೋಡಬಂದರ್ ರಸ್ತೆಯ ತನ್ನ ಮನೆಯಿಂದ ಮೊಮ್ಮಗಳು ಆರ್ಯಾಳನ್ನು ಕರೆತಂದು ಬಿಟ್ಟು ಹೋಗಿದ್ದ. ಅವಳಿಗೂ ಹನ್ನೊಂದು. ನಮ್ಮ ಮಾತು ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಪನವೇಲಿನ ಮಾರುಕಟ್ಟೆಯಲ್ಲಿ ಸಿಕ್ಕಿದ್ದು ಬಲಿತು ಹಳದಿಯಾದ ಅರಸಿನ ಎಲೆ. ಕಡುಬು ಬೆಂದಿತು, ಪರಿಮಳವೆಂಬುದು ಹೆಸರಿಗೂ ಇರಲಿಲ್ಲ. ಅಮ್ಮನ ತಟ್ಟೆಗೆ ಒಂದನ್ನು ಬಿಚ್ಚಿ ಇಟ್ಟೆ.

"ಎಲೆಯ ಪರಿಮಳ ಬರ್ತದಾ? ನನಗೆ ಎಂತದೂ ಗೊತ್ತಾಗುವುದಿಲ್ಲ," ಎಂದಳು ಅಮ್ಮ.

"ಬರ್ತದಮ್ಮ. ಘಮ್ ಅಂತ ಉಂಟು."

ಆರ್ಯಾ ತನ್ನ ಕಡುಬನ್ನು ಮೂಗಿಗೆ ಹಿಡಿದು ಮುಖ ಸಿಂಡರಿಸಿದಳು. "ಝೂಟ್! ಕುಛ್ ಭೀ ಸ್ಮೆಲ್ ನಹೀ ಆ ರಹಾ, ಆಜೀ!" ಸುಳ್ಳು, ಯಾವ ವಾಸನೆಯೂ ಬರುತ್ತಿಲ್ಲ ಅಜ್ಜೀ.

ಅಮ್ಮ ನಗಲು ಶುರುಮಾಡಿದಳು. ಬೊಚ್ಚುಬಾಯಿ ತೆರೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಇವಳು ಹೇಳಿಬಿಟ್ಟಳು ನೋಡು. ನೀನು ಆ ದಿನವೂ ಹೇಳ್ಲಿಲ್ಲ. ನಾನು ಕಾಯಿ ತುರಿಯುವುದು ಬಿಟ್ಟು ಕಾದೆ, ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ. ಸರಿ ಉಂಟು ಅಪ್ಪ ಅಂದಿ. ನನ್ನ ಪುಣ್ಯ!"

ನನಗೆ ಒಂದು ಗಳಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಸಾಬೂನಿನ ಪೆಟ್ಟಿಗೆ ನೆನಪಾಯಿತು, ಬೆನ್ನಿನ ಗುದ್ದು ನೆನಪಾಯಿತು. ತೆಂಗಿನೆಣ್ಣೆಯ ಬಾಟಲಿಯನ್ನೂ ಎಲೆಯ ಹತ್ತಿರ ಬಿಡದವಳು.

"ಅಮ್ಮ, ನೀನು ಬೇಕೂಂತಲೇ ಇಟ್ಟದ್ದಾ?"

"ಮತ್ತೆ? ಮಗು ನೆಲದ ಮೇಲೆ ವಾಂತಿ ಮಾಡಿ ಬಿದ್ದದ್ದನ್ನು ನೋಡಿದ ಮೇಲೂ ಸುಮ್ನೆ ಕೂರ್ಲಾ? ಬಾಯಲ್ಲಿ ಹೇಳಿದೆ, ಕೇಳ್ಲಿಲ್ಲ. ಕಟ್ಟು ಬಿಚ್ಚಿ ಒಂದೊಂದು ಎಲೆಯ ನಡುವೆ ಒಂದೊಂದು ಇಟ್ಟೆ."

"ನಾನು ಅಪ್ಪನಿಗೆ ಹೇಳಿಬಿಟ್ಟಿದ್ರೆ?"

"ಮರುದಿನ ಸೀಮೆಎಣ್ಣೆ ಚೆಲ್ತಿದ್ದೆ."

ನನಗೆ ಬಂದ ಸಿಟ್ಟನ್ನು ಹೇಗೆ ಬರೆಯಲಿ. ನಲವತ್ತಾರು ವರ್ಷ! ಆ ಒಂದು ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಪ್ಪನ ಚಿತೆಯ ಮುಂದೂ ಮನಸ್ಸಿನಲ್ಲೇ ಕ್ಷಮೆ ಕೇಳಿದವಳು ನಾನು. ತಟ್ಟೆ ಸರಿಸಿ ಎದ್ದುನಿಂತೆ.

"ಅಪ್ಪ ಸಾಯುವವರೆಗೂ ನನ್ನಿಂದಲೇ ಆಯ್ತು ಅಂದ್ಕೊಂಡಿದ್ರೇನೋ. ಪಾಪ, ಒಂದು ಮಾತು ಕೇಳ್ಲಿಲ್ಲ."

"ಅವರಿಗೆ ಗೊತ್ತಿತ್ತು," ಎಂದಳು ಅಮ್ಮ. ಈಗ ನಗುತ್ತಿರಲಿಲ್ಲ. "ಆ ವಾರವೇ ನಾನು ಹೇಳಿದೆ. ನಾನೇ ಮಾಡಿದ್ದು, ಹೊಡೆಯುವುದಿದ್ರೆ ಹೊಡೀರಿ ಅಂದೆ. ತುಂಬಾ ಹೊತ್ತು ಕಿಟಕಿಯ ಕೆಳಗೆ ಆ ಖಾಲಿ ಮಣೆ ನೋಡ್ತಾ ಕೂತ್ರು. ಆಮೇಲೆ, 'ನಿನ್ನ ಅಣ್ಣ ಯಾವಾಗ ಬರ್ಲಿಕ್ಕೆ ಹೇಳ್ತಾರೆ ಕೇಳು' ಅಂದ್ರು. ಅಷ್ಟೇ."

ಇಬ್ಬರಿಗೂ ಗೊತ್ತಿತ್ತು. ಆ ಎರಡು ಕೋಣೆಯ ಮನೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ.

"ನನಗೂ ಹೇಳಬಹುದಿತ್ತಲ್ಲ ಅಮ್ಮ."

"ನಿನಗೆಂತ ಹೇಳುವುದು? ನೀನು ಆಡ್ಕೊಂಡು ಇದ್ದಿ, ಓದ್ಕೊಂಡು ಇದ್ದಿ. ಮರೆತಿದ್ದಿ ಅಂದ್ಕೊಂಡೆ. ನೀನು ಯಾವತ್ತು ಬಾಯಿಬಿಟ್ಟು ಕೇಳಿದ್ದಿ?"

ಆರ್ಯಾ ಎರಡೂ ಮುಖಗಳನ್ನು ನೋಡುತ್ತ ಕೂತಿದ್ದಳು, ಬಾಯಿಯಲ್ಲಿ ಕಡುಬು ಹಾಗೇ ಇತ್ತು. ನಾನು ಒಳಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದುಕೊಂಡೆ. ಅಳು ನಿಲ್ಲಲಿಲ್ಲ, ಇನ್ನೊಮ್ಮೆ ತೊಳೆದುಕೊಂಡೆ. ಹೊರಗೆ ಬಂದಾಗ ಅಮ್ಮ ತಟ್ಟೆ ಮುಂದಿಟ್ಟುಕೊಂಡು ಹಾಗೇ ಕೂತಿದ್ದಳು, ಮುಟ್ಟಿರಲಿಲ್ಲ. ಅವಳ ಎದುರು ಕೂತೆ. ಆ ಕಡುಬನ್ನು ಎತ್ತಿ, ಎಲೆಯನ್ನು ಮೂಗಿಗೆ ಹಿಡಿದು ಚೆನ್ನಾಗಿ ಮೂಸಿದೆ.

"ಪರಿಮಳ ಇಲ್ಲಮ್ಮ. ಎಲೆ ಹಳತು. ಎಂತದೂ ಇಲ್ಲ."

"ಹಾಂ," ಎಂದಳು ಅಮ್ಮ, ನನ್ನ ಮುಖವನ್ನು ನೋಡುತ್ತ. "ಇನ್ನೂ ಎಂತ ಉಂಟು? ಹೇಳು, ಕೂತಿದ್ದೇನೆ."